ಪಕ್ಕವಾದ್ಯದವರ ಹೆಸರೂ ಇರಲಿ

ಪೀಣ್ಯದಲ್ಲಿ ಶಾಸ್ತ್ರೀಯ ಸಂಗೀತ ಕೇಳುವವರ ಬಳಗವಿದೆ ಎಂದರೆ ಮಲ್ಲೇಶ್ವರದವರು ಈಗಲೂ ಹುಬ್ಬೇರಿಸುತ್ತಾರೆ. ಲೇತು, ಪವರ್ ಪ್ರೆಸ್ಸುಗಳ ಗದ್ದಲದಲ್ಲಿ ಕಾಂಭೋಜಿ ಎಲ್ಲಿಂದ ಬಂತು ಎಂಬ ಗುಮಾನಿ ಅವರಿಗೆ. ಬಂದದ್ದು ಪಕ್ಕದ ಜಾಲಹಳ್ಳಿಯಿಂದಲೇ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಹುಟ್ಟಿದವು. ಕಾರ್ಖಾನೆಯ ಕ್ವಾರ್ಟರ್ಸುಗಳಿಗೆ ಊರೂರಿನ ಸಂಸಾರಗಳು ರೇಡಿಯೋ ಸಮೇತ ಬಂದವು. ಅಲ್ಲಿ ಕೈ ಪಳಗಿದ ಎಷ್ಟೋ ಮಂದಿ ಮುಂದೆ ಪೀಣ್ಯದಲ್ಲಿ ಸ್ವಂತ ಶೆಡ್ಡು ಹಾಕಿದರು. ಸಂಗೀತದ ಹುಚ್ಚೂ ಅವರ ಜೊತೆಗೇ ಬಂತು.

ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿ. ಶನಿವಾರ ರಾತ್ರಿಯ ಆ ಕಛೇರಿಯನ್ನು ಮೊದಲು ಸ್ಪೂಲಿಗೆ, ಆಮೇಲೆ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದೇ ಒಂದು ವ್ರತ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ನಲವತ್ತೈದೇ ನಿಮಿಷ. ತಾನಂ ಕಾವೇರುವ ಹೊತ್ತಿಗೆ ಟಕ್ಕೆಂದು ನಿಲ್ಲುತ್ತಿತ್ತು. ಮೇಲೆ ಬೇರೇನೂ ರೆಕಾರ್ಡ್ ಆಗದಿರಲೆಂದು ಬೆನ್ನಿನ ಎರಡು ಪ್ಲಾಸ್ಟಿಕ್ ಚೂರು ಮುರಿದು, ಒಳಗಿನ ಕಾರ್ಡಿನಲ್ಲಿ ರಾಗ, ತಾಳ, ಪಿಟೀಲು, ಮೃದಂಗ, ತಾರೀಖು ಎಲ್ಲವನ್ನೂ ಇರುವೆ ಸಾಲಿನ ಅಕ್ಷರದಲ್ಲಿ ಬರೆದು, ಬೇಕಾದವರ ಕೈಗೆ ಕೊಡುತ್ತಿದ್ದರು.

ಹೀಗೆ ಹೆಸರು ಹೇಳುವ ಪದ್ಧತಿ ಹಳೆಯದು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗಾಗಿ ಹಾಡಿದಾಗ, ಮೂರು ನಿಮಿಷದ ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಕಡೆಗಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದ ಗೌಹರ್ ತೀರಿಕೊಂಡದ್ದೂ ಮೈಸೂರಿನಲ್ಲೇ, 1930ರ ಜನವರಿಯಲ್ಲಿ.

ಮೆಚ್ಚಿದ್ದನ್ನು ಹಂಚುವ ವಿಷಯದಲ್ಲಿ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರನ್ನು ಮೀರಿಸಿದವರಿಲ್ಲ. ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದ ಅವರಿಗೆ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳ ಗೀಳೂ ಇತ್ತು. ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಯಾರೂ ಕೇಳುವವರಿಲ್ಲದೆ ಇದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಮಹಾರಾಜರ ಮನಸ್ಸಿಗೆ ಹಿಡಿಸಿತು. ತಾನು ಕೇಳಿ ಸುಮ್ಮನಾಗಲಿಲ್ಲ. ಹಣ ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿ, ಸ್ವತಃ ಮೆಟ್ನರ್ ಅವರಿಂದಲೇ ಪಿಯಾನೋ ನುಡಿಸಿ ಧ್ವನಿಮುದ್ರಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರೂ ಆ ತಟ್ಟೆಗಳನ್ನು ಜಗತ್ತು ಇಂದಿಗೂ ಕೇಳುತ್ತಿದೆ.

ಈಗ ಹಂಚುವುದು ಬೆರಳ ತುದಿಯ ಕೆಲಸ. ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಬಿಟ್ಟಿಯಾಗಿ ಕೇಳಿಸುತ್ತಿದೆ, ಕಲಾವಿದರ ಹೆಸರಿನೊಂದಿಗೆ. ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬರುವ ತೋಡಿಗೆ ಮಾತ್ರ ಅಪ್ಪ ಅಮ್ಮ ಇಲ್ಲ! 'ಅದ್ಭುತ, ಕೇಳಲೇಬೇಕು' ಎಂಬ ಒಕ್ಕಣೆಯಷ್ಟೇ. ನನ್ನ ಮಟ್ಟಿಗೆ ಇದು ಕಲಾವಿದರಿಗೆ ಮಾಡುವ ಅನ್ಯಾಯ, ಪಕ್ಕವಾದ್ಯದವರಿಗಂತೂ ದ್ರೋಹವೇ.

ಬಳಗದವರಲ್ಲಿ ಒಂದು ಕೋರಿಕೆ. ಅಟ್ಟದ ಮೇಲಿನ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುವ ಮೊದಲು ಕೆಳಗಿಳಿಸಿ. ಟೇಪನ್ನು ಡಿಜಿಟಲ್ ಮಾಡಿಸುವಾಗ ಒಳಗಿನ ಕಾರ್ಡಿನ ಫೋಟೋವನ್ನೂ ಜೊತೆಗಿಡಿ. ಪಿಟೀಲು ಯಾರದೆಂದು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ, ಊಹಿಸಿ ಬರೆಯಬೇಡಿ. ಬಳಗದ ಹಿರಿಯರು ಯಾರಾದರೂ ಬಿಲ್ಲಿನ ಎಳೆತ ಕೇಳಿಯೇ ಹೇಳಿಬಿಡುತ್ತಾರೆ.