ಎರಡನೆಯ ಪ್ರತಿ ಯಾವುದು?

ನಮ್ಮ ಆಡುಮಾತಿನಲ್ಲಿ ‘ಡೂಪ್ಲಿಕೇಟ್’ ಎಂದರೆ ಖೋಟಾ ಮಾಲು. ಅಂಚೆಚೀಟಿ ಸಂಗ್ರಾಹಕರಲ್ಲಿ ಈ ಮಾತಿಗೆ ಅಂಥ ಕೆಟ್ಟ ಹೆಸರಿಲ್ಲ. ತಮ್ಮ ಆಲ್ಬಮ್ಮಿನಲ್ಲಿ ಈಗಾಗಲೇ ಇರುವ ಚೀಟಿಯ ಇನ್ನೊಂದು ಅಸಲಿ ಪ್ರತಿಯನ್ನು ಅವರು ಹಾಗೆ ಕರೆಯುತ್ತಾರೆ. ಹೆಚ್ಚಾದದ್ದನ್ನು ಮಾರಿ, ಇಲ್ಲದ್ದನ್ನು ಕೊಳ್ಳುವುದು ಈ ಹವ್ಯಾಸದಲ್ಲಿ ಹಳೆಯ ರೂಢಿ. ಆದರೆ ಕೈಯಲ್ಲಿರುವುದು ನಿಜವಾಗಿಯೂ ಎರಡನೆಯ ಪ್ರತಿಯೇ ಎಂದು ತಿಳಿಯುವುದು ಹೇಗೆ? ಎರಡು ಮಾರಾಟಗಳ ಕಥೆಯಿಂದ ಇದನ್ನು ನೋಡೋಣ.

ಮೊದಲನೆಯದು ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಲ್ಲಿ, ಅಂದರೆ ಇಂದಿನ ಗಯಾನಾ ದೇಶದಲ್ಲಿ ನಡೆದದ್ದು. 1856ರಲ್ಲಿ ಅಲ್ಲಿಗೆ ಇಂಗ್ಲೆಂಡಿನಿಂದ ಬರಬೇಕಾಗಿದ್ದ ಅಂಚೆಚೀಟಿಗಳು ಸಕಾಲಕ್ಕೆ ಬರಲಿಲ್ಲ. ಅಂಚೆಯ ಅಧಿಕಾರಿಗಳು ಸ್ಥಳೀಯ ಮುದ್ರಣಾಲಯದಲ್ಲೇ ಹಡಗಿನ ಚಿತ್ರವಿರುವ ಸರಳ ಚೀಟಿಗಳನ್ನು ಅಚ್ಚು ಹಾಕಿಸಿದರು. ಖೋಟಾ ಆಗದಿರಲೆಂದು ಗುಮಾಸ್ತರು ಅವುಗಳ ಮೇಲೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಬರೆದರು. 1873ರಲ್ಲಿ ವರ್ನನ್ ವಾನ್ ಎಂಬ ಹನ್ನೆರಡು ವರ್ಷದ ಹುಡುಗನಿಗೆ ಮನೆಯ ಹಳೆಯ ಕಾಗದಗಳ ನಡುವೆ ಇಂಥದ್ದೊಂದು ಒಂದು ಸೆಂಟಿನ ಚೀಟಿ ಸಿಕ್ಕಿತು. ನಾಲ್ಕೂ ಮೂಲೆ ಕತ್ತರಿಸಿಹೋಗಿ ಅದು ಎಂಟು ಅಂಚಿನದಾಗಿತ್ತು. ಇದಕ್ಕಿಂತ ಚೆನ್ನಾದ ಪ್ರತಿ ಮುಂದೆ ಸಿಕ್ಕೀತು ಎಂದು ನಂಬಿ, ಹುಡುಗ ಅದನ್ನು ಆರು ಷಿಲಿಂಗಿಗೆ ಮಾರಿದ.

ಇನ್ನೊಂದು ಪ್ರತಿ ಅವನಿಗೆ ಸಿಗಲಿಲ್ಲ. ಪರಿಣತರು ಒಪ್ಪಿದ ಎರಡನೆಯ ಪ್ರತಿ ಇಂದಿಗೂ ಯಾರಿಗೂ ಸಿಕ್ಕಿಲ್ಲ! 2014ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ಚೀಟಿಗೆ ಸುಮಾರು 95 ಲಕ್ಷ ಡಾಲರ್ ಬಂತು. ಹುಡುಗನಿಗೆ ದುರಾಸೆಯಿರಲಿಲ್ಲ, ಮೋಸವೂ ಆಗಲಿಲ್ಲ. ತನ್ನ ಕೈಯಲ್ಲಿರುವಂಥದ್ದು ಬೇರೆಡೆಯೂ ಇದ್ದೇ ಇರುತ್ತದೆ ಎಂದು ವಿಚಾರಿಸದೆ ಊಹಿಸಿದ, ಅಷ್ಟೆ.

ಎರಡನೆಯ ಕಥೆಗೆ ಹಿನ್ನೆಲೆಯಾಗಿ ಜಗತ್ತಿನ ಮೊದಲ ಅಂಟು ಅಂಚೆಚೀಟಿಯನ್ನು ನೆನೆಯಬೇಕು. ಅದುವರೆಗೆ ಬ್ರಿಟನ್ನಿನಲ್ಲಿ ಅಂಚೆ ವೆಚ್ಚವನ್ನು ಹೆಚ್ಚಾಗಿ ಕಾಗದ ಪಡೆದವರೇ ಕೊಡುತ್ತಿದ್ದರು. ದೂರ ಹೆಚ್ಚಿದಂತೆ ದರವೂ ಏರುತ್ತಿತ್ತು. ಕಳುಹಿಸುವವರೇ ಮುಂಗಡವಾಗಿ ಕೊಡಬೇಕು, ದೇಶದೊಳಗೆ ಎಲ್ಲಿಗಾದರೂ ಒಂದೇ ದರವಿರಬೇಕು ಎಂದು ರೋಲೆಂಡ್ ಹಿಲ್ 1837ರಲ್ಲಿ ಸಲಹೆ ಮಾಡಿದರು. ಅದರ ಫಲವೇ ‘ಪೆನ್ನಿ ಬ್ಲ್ಯಾಕ್’. 1840ರ ಮೇ 6ರಿಂದ ಅದು ಅಧಿಕೃತವಾಗಿ ಬಳಕೆಗೆ ಬಂತು.

ಈ ಚೀಟಿ ಅಪರೂಪದ್ದೇನಲ್ಲ; 6 ಕೋಟಿ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಚ್ಚಾಗಿದ್ದವು. ಒಂದು ಹಾಳೆಯಲ್ಲಿ 240 ಚೀಟಿ. ಅಂದಿನ ಲೆಕ್ಕದಲ್ಲಿ 240 ಪೆನ್ನಿಗೆ ಒಂದು ಪೌಂಡ್. ಪ್ರತಿ ಚೀಟಿಯ ಕೆಳಮೂಲೆಗಳಲ್ಲಿ ಎರಡು ಅಕ್ಷರಗಳಿವೆ. ಎಡಗಡೆಯದು ಸಾಲನ್ನು, ಬಲಗಡೆಯದು ಸಾಲಿನಲ್ಲಿ ಅದರ ಸ್ಥಾನವನ್ನು ಹೇಳುತ್ತದೆ. ಹೀಗಾಗಿ ಒಂದೇ ಹಾಳೆಯ ಎರಡು ಚೀಟಿಗಳೂ ಸಂಪೂರ್ಣ ಒಂದೇ ಅಲ್ಲ! ಅಕ್ಷರ, ಅಚ್ಚುಫಲಕ, ಅಂಚೆಮೊಹರು ಎಲ್ಲವನ್ನೂ ಹೋಲಿಸಿದ ಮೇಲಷ್ಟೇ ಯಾವುದು ಹೆಚ್ಚುವರಿ ಎಂದು ಹೇಳಬಹುದು.

ಬ್ರಿಟನ್ನಿನ ರಾಜಮನೆತನದ ಸಂಗ್ರಹ ಜಗತ್ಪ್ರಸಿದ್ಧ. ಐದನೆಯ ಜಾರ್ಜ್ ಅದನ್ನು ಶ್ರದ್ಧೆಯಿಂದ ಬೆಳೆಸಿದವರು. 1904ರಲ್ಲಿ, ಇನ್ನೂ ಯುವರಾಜರಾಗಿದ್ದಾಗಲೇ, ಮಾರಿಷಸ್ಸಿನ ಒಂದು ಚೀಟಿಗೆ 1,450 ಪೌಂಡ್ ಕೊಟ್ಟಿದ್ದರು. ಈ ಸಂಗ್ರಹವನ್ನು ನೋಡಿಕೊಳ್ಳಲು ಪರಿಣತರನ್ನೇ ನೇಮಿಸುವ ಪದ್ಧತಿಯಿದೆ. 2001ರಲ್ಲಿ ಮಾರಾಟಕ್ಕೆ ಬಂದ ಒಂದು ಕಾಗದ ಈ ಸಂಗ್ರಹಕ್ಕೆ ಬೇಕೆನಿಸಿತು. ಸ್ಕಾಟ್ಲೆಂಡಿನ ಕರ್ಕೂಬ್ರಿ ಎಂಬ ಊರಿನ ಹೆಸರಿನಿಂದ ಪ್ರಸಿದ್ಧವಾದ ಆ ಕಾಗದದ ಮೇಲೆ ಹತ್ತು ಪೆನ್ನಿ ಬ್ಲ್ಯಾಕ್‌ಗಳಿದ್ದವು. ಮೊಹರಿನ ದಿನಾಂಕ 1840ರ ಮೇ 6. ಬೆಲೆ ಸುಮಾರು ಎರಡೂವರೆ ಲಕ್ಷ ಪೌಂಡ್. ಆ ಹಣ ಹೊಂದಿಸಲು ಎರಡನೆಯ ಎಲಿಜಬೆತ್ ರಾಣಿಯ ಸಂಗ್ರಹದಿಂದ ಹೆಚ್ಚುವರಿ ಪ್ರತಿಗಳನ್ನು ಹರಾಜಿಗೆ ಇಡಲಾಯಿತು.

ಇಷ್ಟು ಚೀಟಿಗಳನ್ನು ಮಾರಿ ಒಂದು ಕಾಗದ ಕೊಳ್ಳುವುದೇಕೆ? ಬಿಡಿಯಾಗಿ ಕೀಳಿಸಿದ್ದರೆ ಅವು ಹತ್ತು ಹಳೆಯ ಚೀಟಿಗಳಷ್ಟೆ. ಕಾಗದ, ಚೀಟಿ, ಮೊಹರು, ದಿನಾಂಕ ನಾಲ್ಕೂ ಒಟ್ಟಿಗಿರುವುದರಿಂದ ಹೊಸ ವ್ಯವಸ್ಥೆ ಮೊದಲ ದಿನವೇ ಜನರ ಕೈಗೆ ತಲುಪಿತ್ತೆಂಬುದಕ್ಕೆ ಅದು ದಾಖಲೆಯಾಯಿತು. ಪ್ರಥಮ ದಿನದ ಲಕೋಟೆಯ ಮಹತ್ವವೂ ಇದೇ. ಇಂದು ಅಂಚೆ ಇಲಾಖೆ ಹೊಸ ಚೀಟಿಯ ಜೊತೆಗೆ ಇಂಥ ಲಕೋಟೆಗಳನ್ನು ಉದ್ದೇಶಪೂರ್ವಕವಾಗಿ ಹೊರತರುತ್ತದೆ. 1840ರಲ್ಲಿ ಕಾಗದ ಬರೆದವರಿಗೆ ಅಂಥ ಯೋಚನೆಯೇ ಇರಲಿಲ್ಲ.

ಹುಡುಗನೂ ರಾಣಿಯೂ ಮಾರಿದ್ದು ತಮ್ಮ ಸಂಗ್ರಹ ಬೆಳೆಯಲೆಂದೇ. ಒಂದು ಕಡೆ ಮೊದಲು ಮಾರಿ ಆಮೇಲೆ ಹುಡುಕಿದರು. ಇನ್ನೊಂದು ಕಡೆ ಮೊದಲು ಪರೀಕ್ಷಿಸಿ ಆಮೇಲೆ ಮಾರಿದರು. ನಿಮ್ಮ ಆಲ್ಬಮ್ಮಿನಲ್ಲಿ ಜೋಡಿಯಾಗಿ ಕಾಣುವ ಚೀಟಿಗಳಿದ್ದರೆ, ಕೈಬಿಡುವ ಮೊದಲು ಭೂತಗನ್ನಡಿಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಬಣ್ಣ, ಅಂಚಿನ ರಂಧ್ರ, ಜಲಚಿಹ್ನೆ, ಮೊಹರಿನ ಊರು, ದಿನಾಂಕ ಇವನ್ನು ಬರೆದಿಡಿ. ಲಕೋಟೆಯ ಮೇಲಿರುವ ಚೀಟಿಯನ್ನು ಅವಸರದಲ್ಲಿ ನೀರಿಗೆ ಹಾಕಬೇಡಿ. ಅಷ್ಟೆಲ್ಲ ನೋಡಿದ ಮೇಲೂ ಎರಡೂ ಒಂದೇ ಎನಿಸಿದರೆ, ಒಂದನ್ನು ಸಂತೋಷದಿಂದ ಮಾರಿ. ಅದು ಇನ್ನೊಬ್ಬ ವಿದ್ಯಾರ್ಥಿಯ ಆಲ್ಬಮ್ಮಿನಲ್ಲಿ ಮೊದಲನೆಯ ಪ್ರತಿಯಾಗುತ್ತದೆ.