ಮರದರಿಶಿನ

ಮರದರಿಶಿನವು ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಬೆಳೆಯುವ ಔಷಧೀಯ ಬಳ್ಳಿ. ಇದರ ವೈಜ್ಞಾನಿಕ ಹೆಸರು ಕೊಸಿನಿಯಮ್ ಫೆನೆಸ್ಟ್ರೇಟಮ್. ಅಮೃತಬಳ್ಳಿಯಂತೆ ಇದೂ ಮೆನಿಸ್ಪರ್ಮೇಸೀ ಕುಟುಂಬಕ್ಕೆ ಸೇರಿದೆ. ಶ್ರೀಲಂಕಾ ಹಾಗೂ ಆಗ್ನೇಯ ಏಷ್ಯಾದ ಕೆಲವು ದೇಶಗಳಲ್ಲಿಯೂ ಕಂಡುಬರುತ್ತದೆ. ಕಾಂಡದ ಒಳಭಾಗವು ಹಳದಿಯಾಗಿರುವುದರಿಂದ ಈ ಹೆಸರು ಬಂದಿದೆ. ಅಡುಗೆಗೆ ಬಳಸುವ ಅರಿಶಿನವು ಬೇರೆಯೇ ಕುಟುಂಬದ ಸಸ್ಯ.

ಸಾಂಪ್ರದಾಯಿಕ ಬಳಕೆ

ಆಯುರ್ವೇದದಲ್ಲಿ ಹೇಳಿರುವ ದಾರುಹರಿದ್ರೆಯು ಹಿಮಾಲಯದ ಬರ್ಬೆರಿಸ್ ಜಾತಿಯ ಪೊದೆ. ದಕ್ಷಿಣ ಭಾರತದಲ್ಲಿ ಅದಕ್ಕೆ ಬದಲಾಗಿ ಮರದರಿಶಿನದ ಕಾಂಡವನ್ನು ಬಳಸುವ ರೂಢಿಯಿದೆ. ಗಾಯ, ಚರ್ಮರೋಗ, ಜ್ವರ ಮತ್ತು ಮಧುಮೇಹಗಳಿಗೆ ಇದನ್ನು ಔಷಧವಾಗಿ ಉಪಯೋಗಿಸುತ್ತಾರೆ.

ರಾಸಾಯನಿಕ ಸಂಯುಕ್ತಗಳು

ಕಾಂಡದಲ್ಲಿರುವ ಪ್ರಧಾನ ಸಂಯುಕ್ತ ಬರ್ಬೆರಿನ್. ಇದು ಐಸೊಕ್ವಿನೊಲಿನ್ ವರ್ಗದ ಆಲ್ಕಲಾಯ್ಡ್. ಕಾಂಡದ ಹಳದಿ ಬಣ್ಣಕ್ಕೂ ಇದೇ ಕಾರಣ. ಜೊತೆಗೆ ಪಾಲ್ಮಟಿನ್ ಮತ್ತು ಜಟ್ರೊರೈಜಿನ್ ಎಂಬ ಆಲ್ಕಲಾಯ್ಡ್‌ಗಳೂ ಇವೆ. ಬರ್ಬೆರಿಸ್ ಸಸ್ಯದ ಮುಖ್ಯ ಆಲ್ಕಲಾಯ್ಡ್ ಕೂಡ ಬರ್ಬೆರಿನ್ ಆಗಿರುವುದರಿಂದ, ಬೇರೆ ಬೇರೆ ಕುಟುಂಬಗಳ ಈ ಎರಡು ಸಸ್ಯಗಳು ಒಂದೇ ಔಷಧಿಯ ಸ್ಥಾನ ಪಡೆದುದಕ್ಕೆ ರಾಸಾಯನಿಕ ಆಧಾರವಿದೆ.

ಸೂಕ್ಷ್ಮಜೀವಿ ನಿರೋಧಕ ಗುಣ

ಬರ್ಬೆರಿನ್ ಬ್ಯಾಕ್ಟೀರಿಯಾದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕೋಶ ವಿಭಜನೆಗೆ ಅಗತ್ಯವಾದ ಪ್ರೋಟೀನಿನ ಕಾರ್ಯಕ್ಕೂ ಅಡ್ಡಿಪಡಿಸುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಇದರ ಪ್ರಭಾವವು ಸಾಮಾನ್ಯವಾಗಿ ಗ್ರಾಮ್-ಋಣ ಬ್ಯಾಕ್ಟೀರಿಯಾಗಳಿಗಿಂತ ಗ್ರಾಮ್-ಧನ ಬ್ಯಾಕ್ಟೀರಿಯಾಗಳ ಮೇಲೆ ಹೆಚ್ಚು. ಆದರೆ ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾವು ತನ್ನ ಕೋಶಪೊರೆಯಲ್ಲಿರುವ ನಾರ್-ಎ ಎಂಬ ಪ್ರೋಟೀನಿನ ಮೂಲಕ ಬರ್ಬೆರಿನ್ನನ್ನು ಹೊರದೂಡಬಲ್ಲದು. ಕೆಲವು ಬರ್ಬೆರಿಸ್ ಸಸ್ಯಗಳಲ್ಲಿ ಈ ಪ್ರೋಟೀನನ್ನು ತಡೆಯುವ ಬೇರೊಂದು ಸಂಯುಕ್ತವೂ ಇರುವುದನ್ನು 2000ದಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಹೀಗಾಗಿ ಸಸ್ಯದ ಸಾರದ ಪರಿಣಾಮವನ್ನು ಒಂದೇ ಸಂಯುಕ್ತದಿಂದ ಅಳೆಯಲಾಗದು.

ಪ್ರಯೋಗಾಲಯದ ಫಲಿತಾಂಶವೇ ರೋಗ ಗುಣವಾಗುವುದಕ್ಕೆ ಸಾಕ್ಷಿಯಲ್ಲ. ಬಾಯಿಯ ಮೂಲಕ ಸೇವಿಸಿದ ಬರ್ಬೆರಿನ್ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ. ನವಜಾತ ಶಿಶುಗಳಲ್ಲಿ ಇದು ಕಾಮಾಲೆಯನ್ನು ಉಲ್ಬಣಗೊಳಿಸುವ ಅಪಾಯವಿರುವುದರಿಂದ ಶಿಶುಗಳಿಗೂ ಗರ್ಭಿಣಿಯರಿಗೂ ಕೊಡಬಾರದು.

ಸಂರಕ್ಷಣೆ

ಔಷಧೀಯ ಭಾಗವು ಕಾಂಡವೇ ಆಗಿರುವುದರಿಂದ ಸಂಗ್ರಹಿಸುವಾಗ ಬಳ್ಳಿಯನ್ನೇ ಕಡಿಯಬೇಕಾಗುತ್ತದೆ. ಬಳ್ಳಿ ಬಲಿಯಲು ಹಲವು ವರ್ಷಗಳು ಬೇಕು. ಗಂಡು ಮತ್ತು ಹೆಣ್ಣು ಹೂಗಳು ಬೇರೆ ಬೇರೆ ಬಳ್ಳಿಗಳಲ್ಲಿ ಬಿಡುವುದರಿಂದ, ಸಮೀಪದಲ್ಲಿ ಜೊತೆಯ ಬಳ್ಳಿ ಉಳಿಯದಿದ್ದರೆ ಬೀಜ ಕಟ್ಟುವುದಿಲ್ಲ. ಕಾಡಿನಿಂದ ಸಂಗ್ರಹಿಸಿದ ಮರದರಿಶಿನದ ರಫ್ತನ್ನು ಭಾರತ ಸರ್ಕಾರವು ನಿಷೇಧಿಸಿದೆ.