ಕಾಸು ಕೊಟ್ಟ ಮೇಲೂ ಬೀಗ ಯಾರದ್ದು?

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ.

"ಈ ಫೋನಿಗೆ ಬೇರೆ ಕಂಪನಿ ಸಿಮ್ ನಡೆಯಲ್ಲ" ಅಂತ ಅಂಗಡಿಯವರು ಹೇಳಿದರೆ ನಾವು ಸುಮ್ಮನಾಗ್ತೀವಿ. ಏನೋ ಟೆಕ್ನಿಕಲ್ ವಿಷಯ ಇರಬೇಕು ಅಂದುಕೊಳ್ತೀವಿ. ಆದರೆ ಈ 'ನಡೆಯಲ್ಲ' ಅನ್ನೋದರಲ್ಲಿ ಎರಡು ಬಗೆ ಇದೆ. ಒಂದು, ಫೋನಿನೊಳಗಿನ ರೇಡಿಯೋಗೆ ಆ ನೆಟ್‌ವರ್ಕ್ ನಿಜವಾಗಿಯೂ ಹೊಂದುವುದಿಲ್ಲ. ಇನ್ನೊಂದು, ಹೊಂದುತ್ತದೆ, ಆದರೆ ಬೀಗ ಜಡಿದಿದ್ದಾರೆ. ಮೊದಲನೆಯದು ತಂತ್ರಜ್ಞಾನ, ಎರಡನೆಯದು ಬರೀ ಕರಾರು. ಎರಡೂ ಒಂದೇ ಅಂತ ನಂಬಿಸಿ ದೊಡ್ಡ ವ್ಯಾಪಾರವೇ ನಡೆದಿದೆ.

ಇದು ಮೊಬೈಲಿಗಿಂತ ಹಳೆಯ ಕತೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಎಟಿ ಅಂಡ್ ಟಿ ಕಂಪನಿಯ ಫೋನು ಬಾಡಿಗೆಗೆ ಮಾತ್ರ ಸಿಗುತ್ತಿತ್ತು. ಅದಕ್ಕೆ ಹೊರಗಿನ ಯಾವ ಉಪಕರಣವನ್ನೂ ಜೋಡಿಸುವಂತಿರಲಿಲ್ಲ. ಟೆಕ್ಸಾಸಿನ ಥಾಮಸ್ ಕಾರ್ಟರ್ ಅನ್ನುವವರು ದೂರದ ಎಣ್ಣೆ ಬಾವಿಗಳಲ್ಲಿ ದುಡಿಯುವವರ ವೈರ್‌ಲೆಸ್ ರೇಡಿಯೋವನ್ನು ಟೆಲಿಫೋನಿಗೆ ಸೇರಿಸುವ ಪೆಟ್ಟಿಗೆ ಮಾಡಿದರು, ಹೆಸರು ಕಾರ್ಟರ್‌ಫೋನ್. ನೆಟ್‌ವರ್ಕ್ ಹಾಳಾಗುತ್ತೆ ಅಂತ ಕಂಪನಿ ಅಡ್ಡ ನಿಂತಿತು. ಕಾರ್ಟರ್ ಕೋರ್ಟಿಗೆ ಹೋದರು. ಕೇಸು ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ಮುಂದೆ ಬಂತು. 1968ರಲ್ಲಿ ಆಯೋಗ, ನೆಟ್‌ವರ್ಕಿಗೆ ಹಾನಿ ಮಾಡದ ಉಪಕರಣವನ್ನು ತಡೆಯುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಮನೆಮನೆಯ ಫ್ಯಾಕ್ಸು, ಮೋಡೆಮ್ಮಿಗೆ ದಾರಿ ಆದದ್ದು ಹೀಗೆ.

ಆದರೆ ಆ ತತ್ವ ಮೊಬೈಲಿಗೆ ದಾಟಲಿಲ್ಲ. 2007ರ ಜೂನ್ 29ರಂದು ಐಫೋನ್ ಮಾರಾಟಕ್ಕೆ ಬಂದಾಗ ಅಲ್ಲಿ ಅದನ್ನು ಬಳಸಬಹುದಾಗಿದ್ದ ನೆಟ್‌ವರ್ಕ್ ಒಂದೇ. ಹೆಸರು ಮತ್ತೆ ಎಟಿ ಅಂಡ್ ಟಿ! ಸಬ್ಸಿಡಿ ಕೊಟ್ಟಿದ್ದೀವಿ, ಅದಕ್ಕೇ ಬೀಗ ಅಂತ ಕಂಪನಿಗಳು ಸಾಮಾನ್ಯವಾಗಿ ಹೇಳುತ್ತವೆ. ಆ ಮೊದಲ ಐಫೋನಿಗೆ ಸಬ್ಸಿಡಿಯೇ ಇರಲಿಲ್ಲ. 499 ಅಥವಾ 599 ಡಾಲರ್ ಪೂರ್ತಿ ಎಣಿಸಿ ಕೊಟ್ಟು, ಮೇಲೆ 2 ವರ್ಷದ ಕರಾರಿಗೆ ಸಹಿ ಹಾಕಬೇಕಿತ್ತು. ಗ್ರಾಹಕ ಕಟ್ಟುವ ತಿಂಗಳ ಬಿಲ್ಲಿನಲ್ಲಿ ಆಪಲ್‌ಗೂ ಪಾಲು ಹೋಗುತ್ತಿತ್ತು. ಗುಮಾಸ್ತ ಕೆಲಸದಲ್ಲಿ ದಿನಾ ಕರಾರು ಪತ್ರ ತಿರುವಿ ಹಾಕುವವನು ನಾನು. ಯಾರಿಗೆ ಲಾಭ ಅಂತ ನೋಡಿದರೆ ಷರತ್ತು ಯಾಕೆ ಬಂತು ಅಂತ ತಾನಾಗಿ ಗೊತ್ತಾಗುತ್ತೆ.

ಎರಡೇ ತಿಂಗಳಲ್ಲಿ, ಜಾರ್ಜ್ ಹಾಟ್ಜ್ ಅನ್ನುವ 17 ವರ್ಷದ ಹುಡುಗ ಆ ಬೀಗ ತೆಗೆದು ತೋರಿಸಿದ. ಟಿ-ಮೊಬೈಲ್ ಸಿಮ್ಮಿನಲ್ಲಿ ಐಫೋನ್ ಮಾತಾಡಿತು, ಯಾಕಂದ್ರೆ ಎರಡೂ ಜಿಎಸ್‌ಎಂ. ವೆರೈಜನ್‌ನದು ಸಿಡಿಎಂಎ, ಅಲ್ಲಿ ಮಾತ್ರ ನಿಜಕ್ಕೂ ನಡೆಯುತ್ತಿರಲಿಲ್ಲ. ವೆರೈಜನ್‌ಗೆ ಬೇರೆ ಐಫೋನ್ ಬಂದದ್ದು 2011ರಲ್ಲಿ. ಅಲ್ಲಿಯವರೆಗೆ ಎಟಿ ಅಂಡ್ ಟಿ ಸಿಗ್ನಲ್ ಇಲ್ಲದ ಊರಿನವರ ಪಾಡೇನು? ಹಳ್ಳಿಗಾಡಿನ ಸಣ್ಣ ಮೊಬೈಲ್ ಕಂಪನಿಗಳ ಸಂಘ 2008ರಲ್ಲೇ ಇದನ್ನು ಎಫ್‌ಸಿಸಿ ಮುಂದೆ ಇಟ್ಟಿತ್ತು. ಫ್ರಾನ್ಸಿನಲ್ಲಂತೂ ಅದೇ ವರ್ಷ ಆರೆಂಜ್ ಕಂಪನಿಯ ಐಫೋನ್ ಏಕಸ್ವಾಮ್ಯವನ್ನು ಸ್ಪರ್ಧಾ ಮಂಡಳಿಯೇ ತಡೆಹಿಡಿಯಿತು.

ಇನ್ನೊಂದು ತಮಾಷೆ ಕೇಳಿ. ಸಿನಿಮಾ, ಹಾಡು ನಕಲಾಗದಂತೆ ಕಾಯಲು ಅಮೆರಿಕ 1998ರಲ್ಲಿ ಮಾಡಿದ ಕಾಪಿರೈಟ್ ಕಾನೂನನ್ನು ಫೋನಿನ ಬೀಗಕ್ಕೂ ಹಚ್ಚಿದರು. ಮಧ್ಯೆ ಸಿಕ್ಕಿದ್ದ ವಿನಾಯಿತಿ 2013ರ ಜನವರಿಯಲ್ಲಿ ಹೊಸ ಫೋನುಗಳಿಗೆ ತಪ್ಪಿಹೋಯಿತು. ದಂಧೆಯಾಗಿ ಅನ್‌ಲಾಕ್ ಮಾಡಿದವರಿಗೆ 5 ವರ್ಷದವರೆಗೆ ಜೈಲು! 1,14,000ಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಹಾಕಿದರು. 2014ರ ಆಗಸ್ಟ್ 1ರಂದು ಒಬಾಮಾ ಸಹಿ ಮಾಡಿದ ಕಾನೂನು ಆ ಹಕ್ಕನ್ನು ವಾಪಸ್ ತಂದಿತು. ಕಂಪನಿಗಳು ತಾವಾಗೇ ಕೊಟ್ಟದ್ದಲ್ಲ, ಜನ ಕೇಳಿ ಪಡೆದದ್ದು.

ಈಗ ನಮ್ಮ ದೇಶಕ್ಕೆ ಬನ್ನಿ. 2003ರಲ್ಲಿ ರಿಲಯನ್ಸ್ ಇನ್ಫೋಕಾಮ್ ಮೊದಲಿಗೆ 501 ರೂಪಾಯಿ ಕಟ್ಟಿಸಿಕೊಂಡು ಸಿಡಿಎಂಎ ಫೋನು, ಕನೆಕ್ಷನ್ ಎರಡೂ ಕೊಟ್ಟಿತು. ಫೋನು ಅಂದ್ರೆ ಸಾಹುಕಾರರ ಸಾಮಾನು ಅನ್ನುವ ಕಾಲ ಅದು. ಕೂಲಿಯವರ, ಆಟೋದವರ ಕೈಗೂ ಫೋನು ಬಂತು, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ನಂಬರು ಇದ್ದದ್ದು ಹ್ಯಾಂಡ್‌ಸೆಟ್ಟಿನೊಳಗೆ, ಕಿತ್ತು ಬೇರೆ ಕಡೆ ಹಾಕಲು ಸಿಮ್ಮೇ ಇರಲಿಲ್ಲ. 2011ರ ಜನವರಿಯಲ್ಲಿ ದೇಶಾದ್ಯಂತ ನಂಬರ್ ಪೋರ್ಟಬಿಲಿಟಿ ಬಂದು, ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದಾಯಿತು. ಸಿಡಿಎಂಎ ಬಿಟ್ಟು ಜಿಎಸ್‌ಎಂಗೆ ಹೋದರೆ ನಂಬರು ಜೊತೆಗೆ ಬಂತು, ಫೋನು ಬರಲಿಲ್ಲ. ಇನ್ನೊಂದು ಫೋನು ಕೊಳ್ಳುವ ಶಕ್ತಿ ಇಲ್ಲದವನಿಗೆ ಆ ಹಕ್ಕು ಕಾಗದದ ಮೇಲಷ್ಟೇ.

2016ರಲ್ಲಿ ಬಂದ ಜಿಯೋ ಬರೀ 4ಜಿ ನೆಟ್‌ವರ್ಕ್. ಹಳೇ 2ಜಿ, 3ಜಿ ಫೋನಿನಲ್ಲಿ ಅದು ನಡೆಯದಿದ್ದದ್ದು ನಿಜವಾದ ತಾಂತ್ರಿಕ ಕಾರಣಕ್ಕೆ. ಮರುವರ್ಷ 1,500 ರೂಪಾಯಿ ಡಿಪಾಸಿಟ್ ಇಟ್ಟುಕೊಂಡು ಕೊಟ್ಟ ಜಿಯೋಫೋನಿನಲ್ಲಿ ಬೇರೆ ಕಂಪನಿ ಸಿಮ್ ನಡೆಯದಿದ್ದದ್ದು ಬೀಗದ ಕಾರಣಕ್ಕೆ. ಜನಕ್ಕೆ ಎರಡೂ 'ನಡೆಯಲ್ಲ' ಅಂತಲೇ ಕೇಳಿಸಿತು.

ಅಗ್ಗಕ್ಕೆ ಕೊಟ್ಟವರು ಕೊಟ್ಟ ದುಡ್ಡು ವಾಪಸ್ ಬರೋತನಕ ಕಟ್ಟು ಹಾಕಿದರೆ ಒಪ್ಪೋಣ. ಬಾಕಿ ತೀರಿದ ದಿನವೇ ಬೀಗ ಬಿಚ್ಚಬೇಕು. ಇವತ್ತು ಸ್ಕಾಲರ್‌ಶಿಪ್ ಅರ್ಜಿ, ಬ್ಯಾಂಕಿನ ಒಟಿಪಿ, ರೇಷನ್ನಿನ ಮೆಸೇಜು ಎಲ್ಲಾ ಆ ಒಂದೇ ಫೋನಿಗೆ ಬರುತ್ತೆ. ಊರಲ್ಲಿ ಆ ಕಂಪನಿಯ ಟವರ್ ಕೈಕೊಟ್ಟರೆ ಎರಡು ಫೋನು ಇಟ್ಟುಕೊಂಡವರಿಗೆ ಏನೂ ಆಗಲ್ಲ. ಒಂದೇ ಫೋನಿನ ಮನೆಯ ಕೆಲಸ ನಿಲ್ಲುತ್ತೆ.

ಅದಕ್ಕೇ ಹೇಳೋದು, ಮಕ್ಕಳಿಗೆ ಫೋನು ಕೊಡಿಸುವಾಗ, ಅದರಲ್ಲೂ ಆಫರ್ ಫೋನು ಆದರೆ, ದುಡ್ಡು ಕೊಡೋ ಮುಂಚೆ ಕೇಳಿ: ಬೇರೆ ಸಿಮ್ ನಡೆಯುತ್ತಾ? ನಡೆಯದಿದ್ದರೆ ನೆಟ್‌ವರ್ಕ್ ಹೊಂದಲ್ವಾ, ಬೀಗ ಹಾಕಿದೀರಾ? ಬೀಗ ಆದರೆ ಯಾವ ತಾರೀಕಿಗೆ ತೆಗೀತೀರಾ? ಉತ್ತರವನ್ನು ಬಾಯಿಮಾತಿನಲ್ಲಿ ಬೇಡ, ರಸೀದಿ ಮೇಲೆ ಬರೆಸಿಕೊಳ್ಳಿ.

ಜೈ ಭೀಮ್.